ಮಣಿಕಟ್ಟಿನ ಮೇಲೆ ಐದು ಬೆರಳು

ಈ ಸಲ ಸುಲಭಾಬಾಯಿಯ ಕೂದಲು ಉದುರಲಿಲ್ಲ. ಆಕೆಯ ಗೋಳೆಲ್ಲ ಅಲ್ಲಿಂದಲೇ ಶುರುವಾಯಿತು.

ನಾಲ್ಕು ವರ್ಷಗಳ ಹಿಂದೆ ಲಿಂಫೋಮಾ ಎಂಬ ಕ್ಯಾನ್ಸರ್ ಮೊದಲ ಸಲ ಮೈಗೆ ಹತ್ತಿದಾಗ, ಆರು ಸುತ್ತಿನ ಕಿಮೊಥೆರಪಿಯಲ್ಲಿ ತಲೆ ಬೋಳಾಗಿ, ಹುಬ್ಬು ಸಹ ಉಳಿಯದೆ, ಆಕೆ ಮೂರು ತಿಂಗಳು ಕನ್ನಡಿಗೆ ಬೆನ್ನು ಮಾಡಿ ಕೂತಿದ್ದಳು. ಆಗ ಯಾರಿಗೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಕುರಕುಂಭದ ರಾಸಾಯನಿಕ ಕಾರ್ಖಾನೆಯಲ್ಲಿ ಉಗ್ರಾಣದ ಅಧಿಕಾರಿಯಾಗಿದ್ದು ನಿವೃತ್ತರಾದ ಗಂಡ ದಿಗಂಬರರಾಯರು ಹುಟ್ಟಿದ ಮೇಲೆ ಮೊದಲ ಬಾರಿಗೆ ಒಲೆ ಹೊತ್ತಿಸಿ ಗಂಜಿ ಕಾಯಿಸಿದ್ದರು. ಅಡಿಗೆಗೆ ಹೆಂಗಸೊಬ್ಬಳನ್ನು ಇಟ್ಟಿದ್ದರು. ಮಗ ರಾಜೀವ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ್ದ. ಮಗಳು ಶರ್ವರಿ ತಾಯಿಯ ತಲೆಗೆ ಕಟ್ಟಲು ಬಣ್ಣಬಣ್ಣದ ರುಮಾಲು ತಂದಿದ್ದಳು. ಧಾರವಾಡದ ನೆಂಟರು ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದು, ಎಳನೀರು ಹಿಡಿದುಕೊಂಡು ಸಾಲುಗಟ್ಟಿ ಬಂದಿದ್ದರು.

ಈ ವರ್ಷ ಸಂಕ್ರಾಂತಿಯ ಮರುದಿನ ಕತ್ತಿನ ಎಡಗಡೆ ಬೋರೆಹಣ್ಣಿನಷ್ಟು ಗಂಟು ಮತ್ತೆ ಕೈಗೆ ಹತ್ತಿತು. ರೋಗ ಮರಳಿತ್ತು. ಆದರೆ ಔಷಧಿ ಬದಲಾಗಿತ್ತು. ಸಲೈನ್ ಇಲ್ಲ, ಆಸ್ಪತ್ರೆಯ ಹಾಸಿಗೆ ಇಲ್ಲ. ಕೆಟ್ಟ ಜೀವಕೋಶವು ಬೆಳೆಯಲು ಬಳಸುವ ಒಂದೇ ಒಂದು ಸ್ವಿಚ್ಚನ್ನು ಹುಡುಕಿ ಆರಿಸುವ ಗುಳಿಗೆ. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು. ಒಂದು ಹೊತ್ತೂ ತಪ್ಪಿಸಕೂಡದು, ದಣಿವಾಗುತ್ತದೆ, ಚರ್ಮ ಬೇಗ ಕಂದುತ್ತದೆ, ರಕ್ತ ಬಂದರೆ ತಡವಾಗಿ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದರು. ಬೆಲೆಯ ಬಹುಭಾಗವನ್ನು ರಾಜೀವನ ಕಚೇರಿಯ ವಿಮೆ ಹೊರುತ್ತಿದ್ದುದರಿಂದ ಆ ಜಗಳವೊಂದು ಸಹಕಾರನಗರದ ಈ ಮನೆಗೆ ಬರಲಿಲ್ಲ. ಬಂದದ್ದು ಬೇರೆ ಜಗಳ.

"ಇದು ಈ ನಾಲ್ಕು ಗ್ವಾಡಿ ದಾಟಬಾರದು," ಎಂದರು ದಿಗಂಬರರಾಯರು, ಮಧ್ಯಾಹ್ನದ ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ. "ಶರೂನ ನಿಶ್ಚಯ ಆಗೂತನಕಾ ಯಾರ ಮುಂದೂ ಪಿಟ್ಟ ಅನ್ನಬ್ಯಾಡ್ರಿ."

ಶರ್ವರಿಗೆ ಇಪ್ಪತ್ತೆಂಟು ತುಂಬಿತ್ತು. ಹಿಂದಿನ ಸಲ ಸುದ್ದಿ ಹರಡಿದ ಮೇಲೆ ಎರಡು ಸಂಬಂಧಗಳು ಬಾಗಿಲವರೆಗೆ ಬಂದು ತಿರುಗಿಹೋಗಿದ್ದವು; ತಾಯಿಯ ರೋಗ ನಾಳೆ ಮಗಳಿಗೂ ಬಂದೀತೆಂಬ ಭಯ. ಈಗ ವಿಮಾನ ನಗರದಲ್ಲಿ ಅವಳ ಕಚೇರಿಯಿದ್ದ ಕಟ್ಟಡದಲ್ಲೇ ಕೆಲಸ ಮಾಡುವ ಪ್ರಣವನೆಂಬ ಹುಡುಗನೊಡನೆ ಎಂಟು ತಿಂಗಳಿಂದ ಊಟದ ಡಬ್ಬಿ ಹಂಚಿಕೊಂಡು, ಮಾತು ಮದುವೆಯವರೆಗೆ ಬಂದಿತ್ತು. ಮೈಸೂರು ಕಡೆಯ ಮನೆತನ, ಪುಣೆಗೆ ಬಂದು ಮೂವತ್ತು ವರ್ಷ. ಅವರಿಗೆ ಹಳೆಯ ಕಥೆಯೂ ತಿಳಿದಿರಲಿಲ್ಲ.

"ಮುಚ್ಚಿಡೂದು ಸರಿ ಅನಸ್ತದೇನ್ರಿ ಮಾವಾರ?" ಸೊಸೆ ನೀಲಿಮಾ ಕೇಳಿದಳು. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು. ಆಸ್ಪತ್ರೆಗೆ ಅತ್ತೆಯ ಜೊತೆ ಹೋಗಿ ಬರುವವಳೂ ಅವಳೇ.

"ಸುಳ್ಳ ಹೇಳು ಅಂದೆನೇನ ನಾ? ಅವರು ಕೇಳೂದಿಲ್ಲ, ನಾವು ಹೇಳೂದಿಲ್ಲ. ಮುಗೀತು."

"ನೀಲೂ, ಅವ್ವನ್ನ ನೋಡಿದ್ರ ಯಾರರೆ ಪೇಶಂಟ್ ಅಂತಾರೇನು?" ಎಂದ ರಾಜೀವ. "ಕೂದಲಿಗೆ ಕೂದಲದ, ಬಣ್ಣಕ್ಕ ಬಣ್ಣ ಅದ. ಬಿಪಿ ಗುಳಿಗಿ ಇದ್ದಂಗ ತಿಳಕೋ."

"ಬಿಪಿ ಗುಳಿಗಿ ನಾ ಹತ್ತ ವರ್ಷದಿಂದ ನುಂಗ್ಲಿಕತ್ತೀನಿ," ಎಂದರು ರಾಯರು. "ಡಂಗುರಾ ಹೊಡದೀನೇನು?"

ಸುಲಭಾ ಒಲೆಯ ಮುಂದೆ ನಿಂತು ಇನ್ನೊಂದು ರೊಟ್ಟಿ ತಟ್ಟುತ್ತಿದ್ದಳು. ಆಕೆಯ ಅಭಿಪ್ರಾಯವನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕೇಳಿದ್ದರೆ ಆಕೆಯೂ ಹೂಂ ಎನ್ನುತ್ತಿದ್ದಳು. ಮಗಳ ಮುಖದಲ್ಲಿ ಎರಡು ಸಲ ದೀಪ ಆರಿದ್ದನ್ನು ನೋಡಿದವಳು ಆಕೆಯೇ.

ಗುಳಿಗೆ ತನ್ನ ಕೆಲಸವನ್ನು ಮಾಡಿತು. ಮೂರು ವಾರಗಳಲ್ಲಿ ಕತ್ತಿನ ಗಂಟು ಕಡಲೆಕಾಳಿನಷ್ಟಾಯಿತು. ಅದರ ಜೊತೆಗೇ ಮೈಯಲ್ಲಿದ್ದ ಕಸುವೂ ಎಲ್ಲಿಯೋ ಸೋರಿಹೋಗುತ್ತಿತ್ತು. ಎರಡು ಬಿಂದಿಗೆ ನೀರು ತುಂಬಿಟ್ಟರೆ ಕಟ್ಟೆಗೆ ಆತುಕೊಂಡು ನಿಲ್ಲಬೇಕು. ಹಿಟ್ಟು ನಾದಿದರೆ ಕಣ್ಣು ಕತ್ತಲೆ. ಆದರೆ ಮನೆಗೆ ಸುಳ್ಳು ಅಭ್ಯಾಸವಾಗಿಬಿಟ್ಟಿತ್ತು. ಹೊರಗಿನವರಿಗಾಗಿ ಕಟ್ಟಿದ ಮಾತನ್ನು ಒಳಗಿನವರೇ ಮೊದಲು ನಂಬಿದರು.

"ಅವ್ವಾ, ಪ್ರಣವಗ ನಿನ್ನ ಕೈ ಚಕ್ಕಲಿ ಭಾಳ ಸೇರ್ತಾವಂತ. ನಾಳೆ ಡಬ್ಬಿಗೆ ಒಂದಿಷ್ಟ ಮಾಡ."

"ಕೈ ನಡಗತಾವ ಶರೂ. ಒರಳ ಒತ್ತಲಿಕ್ಕಾಗೂದಿಲ್ಲ."

"ಏ, ನಿನ್ನೆ ಗುಡಿಗೆ ನಡಕೊಂಡ ಹೋಗಿದ್ದೆಲ್ಲಾ?"

ನೀಲಿಮಾ ಅಡಿಗೆಯವಳ ಮಾತೆತ್ತಿದಳು. ರಾಯರು ಪತ್ರಿಕೆಯನ್ನು ಮಡಚಿಟ್ಟರು. "ಅಡಿಗಿಯವಳು ಬಂದ್ಲು, ಗುಳಿಗಿ ಡಬ್ಬಿ ನೋಡಿದ್ಲು, ನಾಲ್ಕ ಮನೀಗೆ ಹೇಳಿದ್ಲು. ಅಷ್ಟೂ ತಿಳಿಯೂದಿಲ್ಲೇನು ನಿನಗ?"

"ಹಂಗಾರ ನೀವು ಗಂಜಿ ಕಾಸ್ರಿ. ಹಿಂದಿನ ಸಲ ಕಾಸಿದ್ರಿ."

"ಆಗ ಆಕಿ ಮಲಗಿದ್ಲು."

"ಈಗೂ ಮಲಗ್ತಾರ್ರಿ. ನಿಮ್ಮ ಕಣ್ಣ ಮುಂದ ಮಲಗೂದಿಲ್ಲ, ಅಷ್ಟs."

ರಾಯರು ವಾಯುವಿಹಾರಕ್ಕೆ ಎದ್ದುಹೋದರು. ಸುಲಭಾ ಸೊಸೆಗೆ, "ಜಗಳಾ ಯಾಕ ಮಾಡ್ತಿ? ಒಂದ ತಿಂಗಳ ಮಾತು," ಎಂದಳು.

ಗಂಡಿನ ಮನೆಯವರು ಫೆಬ್ರವರಿಯ ಕೊನೆಯ ರವಿವಾರ ಮಾತುಕತೆಗೆ ಬರುವುದೆಂದು ಗೊತ್ತಾಯಿತು. ಅದಕ್ಕೆ ಹನ್ನೆರಡು ದಿನ ಮುಂಚೆ ಒಳ್ಳೆಯ ದಿನ ನೋಡಿ ಮನೆಯ ಮುತ್ತೈದೆಯರು ಹಸಿರು ಬಳೆ ಇಡಿಸಿಕೊಳ್ಳುವುದು ರಾಯರ ಮನೆತನದ ಪದ್ಧತಿ. ಗಾಜಿನ ಬಳೆ ಸಡಿಲವಾಗಿ ಕೈಗೆ ಜಾರಿದರೆ ಅದು ಬಳೆಯೇ ಅಲ್ಲ; ಒಂದಳತೆ ಚಿಕ್ಕದನ್ನೇ ಆರಿಸಿ, ಅಂಗೈಯನ್ನು ಹಿಂಡಿ ಹಿಂಡಿ ಒಂದೂ ಒಡೆಯದಂತೆ ಏರಿಸುವುದರಲ್ಲಿ ಬಳೆಗಾತಿಯ ಹೆಚ್ಚುಗಾರಿಕೆ. ತುಳಸಿಬಾಗ್ ಪೇಟೆಯ ರಂಗೂಬಾಯಿ ಇಪ್ಪತ್ತು ವರ್ಷಗಳಿಂದ ಈ ಮನೆಗೆ ಬರುತ್ತಿದ್ದವಳು. ಗಡಿಯ ಜತ್ತಿನ ಕಡೆಯವಳಾದ್ದರಿಂದ ಕನ್ನಡ, ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದಳು.

"ವಹಿನೀ, ಕೈ ಯಾಕ ಬಿಗಿ ಹಿಡೀತೀರಿ? ಸಡ್ಲ ಬಿಡ್ರಿ. ಹೊಸಾ ಮದಲಗಿತ್ತಿಗಿಂತ ಹೆಚ್ಚ ನಾಚ್ತೀರಲ್ಲ!"

"ಒಂದಳತಿ ದೊಡ್ಡೂ ಹಾಕ ರಂಗೂಬಾಯಿ."

"ಅಯ್ಯs, ದೊಡ್ಡೂ ಯಾಕ? ಬೀಗ್ತಿ ಬಂದು ನೋಡಿದ್ರ ನನ್ನ ಹೆಸರ ಹೋಗತದ. ಕೈ ಬ್ಯಾನಿ ಏನರೆ ಅದನು?"

ದಿಗಂಬರರಾಯರು ಸೋಫಾದಿಂದ ಕಣ್ಣೆತ್ತಿ ನೋಡಿದರು. ಸುಲಭಾ, "ಏನಿಲ್ಲ, ಹಾಕು," ಎಂದಳು.

ರಂಗೂಬಾಯಿ ಎಡಗೈಯಿಂದ ಆಕೆಯ ಮಣಿಕಟ್ಟನ್ನು ಕಚ್ಚಿ ಹಿಡಿದು, ಬಲಗೈಯ ಹೆಬ್ಬೆರಳಿನಿಂದ ಅಂಗೈಯ ಎಲುಬನ್ನು ಒಳಗೆ ಒತ್ತಿ, ಒಂದೊಂದೇ ಬಳೆಯನ್ನು ದಾಟಿಸಿದಳು. ಕೈಗೆ ಹನ್ನೊಂದರಂತೆ ಇಪ್ಪತ್ತೆರಡು. ಒಂದೂ ಒಡೆಯಲಿಲ್ಲ. ನೀಲಿಮಾ ಬ್ಯಾಂಕಿನಿಂದ ಬರುವಷ್ಟರಲ್ಲಿ ಬಳೆಗಾತಿ ಅರಿಷಿಣ ಕುಂಕುಮ ಹಚ್ಚಿಸಿಕೊಂಡು ಹೋಗಿಯಾಗಿತ್ತು.

ಮರುದಿನ ಬೆಳಿಗ್ಗೆ ಸುಲಭಾ ಚಹಾ ಕೊಡಲು ಕೈ ಚಾಚಿದಾಗ ರಾಜೀವನ ಕಣ್ಣು ಅಲ್ಲಿಯೇ ನಿಂತಿತು. ಎರಡೂ ಮಣಿಕಟ್ಟುಗಳ ಸುತ್ತ ನೇರಳೆ ಬಣ್ಣ ಬಿದ್ದಿತ್ತು. ಬರೀ ಕಲೆಯಲ್ಲ, ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ. ಯಾರೋ ಕೈಯನ್ನು ತಿರುವಿ ಗೋಡೆಗೆ ಒತ್ತಿ ಹಿಡಿದಂತೆ. ನಾಲ್ಕು ದಿನಗಳಲ್ಲಿ ಬಣ್ಣ ಮೊಳಕೈಯತ್ತ ಹರಡಿತೇ ಹೊರತು ತಿಳಿಯಾಗಲಿಲ್ಲ.

"ಅವರು ಬರೂ ಹೊತ್ತಿಗೆ ಇದು ಹೋಗಬೇಕಲ್ಲಪಾ," ಎಂದರು ರಾಯರು. ಊಟದ ತಟ್ಟೆಗಳ ಸುತ್ತ ಎಲ್ಲರೂ ಇದ್ದರು. "ಗುಳಿಗಿಯಿಂದ ಆಗಿದ್ದು. ಗುಳಿಗಿ ಬಿಟ್ರ ಹೋಗತದ. ಎಂಟ ದಿನ ಬಿಡ್ಲಿ."

ನೀಲಿಮಾ ಸಾರಿನ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಏನಂದ್ರಿ?"

"ಗಂಟ ಹೆಂಗೂ ಕರಗೇದ. ಎಂಟ ದಿನದಾಗ ಏನ ಆಕಾಶ ಹರದ ಬೀಳ್ತದ?"

"ಡಾಕ್ಟರು ಒಂದ ಹೊತ್ತೂ ಬಿಡಬ್ಯಾಡ್ರಿ ಅಂದಾರ. ಬಿಟ್ರ ತಿರಗಿ ಏಳಬಹುದು. ರಾಜೀವ, ಬಾಯಿ ಬಿಡ್ತೀರೋ ಇಲ್ಲೋ?"

ರಾಜೀವ ಮೊಸರನ್ನ ಕಲೆಸುತ್ತಿದ್ದ. "ಡಾಕ್ಟರ್‌ಗೆ ಒಂದ ಮಾತ ಫೋನ್ ಮಾಡಿ ಕೇಳಬಹುದು…"

"ಕೇಳೀನಿ. ಬಳಿ ತಗೀರಿ, ಗುಳಿಗಿ ಬಿಡಬ್ಯಾಡ್ರಿ ಅಂದ್ರು."

ಆಗ ಶರ್ವರಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: "ಎಂಟs ದಿನ ಅಲ್ಲೇನವ್ವಾ?"

ಸುಲಭಾ ಮಗಳನ್ನು ನೋಡಿದಳು. ಮಗಳು ಉಪ್ಪಿನಕಾಯಿಯ ಹೋಳನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಗಡಿಯಾರದಲ್ಲಿ ಎಂಟು ಹೊಡೆಯಲು ಐದು ನಿಮಿಷವಿತ್ತು. ಸುಲಭಾ ಎದ್ದು ಹೋಗಿ ಗುಳಿಗೆ ತಂದು, ಎಲ್ಲರೆದುರಿಗೆ ನೀರು ಕುಡಿದು ನುಂಗಿದಳು.

"ತುಂಬು ತೋಳಿನ ಕುಪ್ಪಸ ಹಾಕ್ಕೋತೀನಿ," ಎಂದಳು. "ಗುಳಿಗಿ ಬಿಡು ಅಂತ ಮಾತ್ರ ನನಗ ಹೇಳಬ್ಯಾಡ್ರಿ."

ಬಳೆ ತೆಗೆಯಲು ರಾಯರು ಒಪ್ಪಲಿಲ್ಲ. ಬೀಗರೆದುರು ಬರಿಗೈಯಲ್ಲಿ ನಿಲ್ಲುವುದೇ? ಕೊನೆಗೆ ನೀಲಿಮಾ ಬಟ್ಟೆ ಸುತ್ತಿ, ಕೈಗೆ ಮೂರು ಮೂರು ಉಳಿಸಿ ಮಿಕ್ಕವನ್ನು ಇಕ್ಕಳದಿಂದ ಒಡೆದು ತೆಗೆದಳು. ಒಂದು ಚೂರು ತಾಗಿ ಬಂದ ರಕ್ತ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಶರ್ವರಿ ತನ್ನ ಕೋಣೆಯಲ್ಲಿ ಫೋನಿನಲ್ಲಿ ನಗುತ್ತಿದ್ದಳು.

ರವಿವಾರ ಸಂಜೆ ಪ್ರಣವ, ಅವನ ತಂದೆ ಹರಿಶ್ಚಂದ್ರ, ತಾಯಿ ಕಾಮಾಕ್ಷಮ್ಮ ಬಂದರು. ಹುಡುಗ ನೋಡಲು ಲಕ್ಷಣವಾಗಿದ್ದ. ರಾಯರಿಗೆ ಬಾಗಿ ನಮಸ್ಕರಿಸಿದ. ಸುಲಭಾಗೆ, "ಆಂಟಿ, ನಿಮ್ಮ ಚಕ್ಲಿ ತಿಂದು ಎರಡು ಕೇಜಿ ದಪ್ಪ ಆಗಿದೀನಿ," ಎಂದು ನಗಿಸಿದ. ಮಾತು ಸರಾಗವಾಗಿ ಸಾಗಿತು. ಹೊರಗೆ ಗಂಡಸರು ಮದುವೆ ನಡೆಸುವ ಮಂಗಳ ಕಾರ್ಯಾಲಯಗಳ ಮಾತಿಗೆ ಬಿದ್ದಾಗ ಕಾಮಾಕ್ಷಮ್ಮ, ಸಹಾಯ ಮಾಡುತ್ತೇನೆಂದು ಅಡಿಗೆಮನೆಗೆ ಬಂದರು. ಸುಲಭಾ ಮೇಲಿನ ಹಲಗೆಯಿಂದ ಬೆಳ್ಳಿಯ ಕುಂಕುಮ ಭರಣಿ ಇಳಿಸಲು ಕೈ ಎತ್ತಿದಳು. ಕುಪ್ಪಸದ ತೋಳು ಹಿಂದೆ ಸರಿಯಿತು.

ಕಾಮಾಕ್ಷಮ್ಮ ಆ ಕೈಯನ್ನು ಮೆಲ್ಲನೆ ಹಿಡಿದು, ಬೆರಳ ಗುರುತುಗಳ ಮೇಲೆ ತಮ್ಮ ಬೆರಳನ್ನು ಒಂದೊಂದಾಗಿ ಇಟ್ಟು ನೋಡಿದರು.

"ರಾಯರು ನೋಡಿದ್ರೆ ಅಷ್ಟು ಸಾಧು ಕಾಣ್ತಾರೆ," ಎಂದರು ಪಿಸುದನಿಯಲ್ಲಿ.

"ಅಯ್ಯ, ಇಲ್ರಿ, ಅವರು…"

"ನನ್ನ ಹತ್ರ ಏನ್ರೀ ಮುಚ್ಚುಮರೆ? ಎಲ್ಲರ ಮನೇಲೂ ಇದ್ದಿದ್ದೇ. ನಮ್ಮೋರದ್ದು ಈಗ ವಯಸ್ಸಾಯ್ತು, ಕಮ್ಮಿಯಾಗಿದೆ. ಮಗನಿಗೆ ಅವರಪ್ಪನದೇ ಕೈ. ಹೋದ ವರ್ಷ ನನ್ನ ಕೈಯನ್ನೇ ತಿರುವಿಬಿಟ್ಟ. ಎರಡು ವಾರ ಪಟ್ಟಿ ಕಟ್ಕೊಂಡಿದ್ದೆ. ಆಮೇಲೆ ತಾನೇ ಅಳ್ತಾನೆ, ತಾನೇ ಆಸ್ಪತ್ರೆಗೆ ಕರ್ಕೊಂಡೋಗ್ತಾನೆ. ಮನಸ್ಸು ಬೆಣ್ಣೆ."

ಸುಲಭಾ ಭರಣಿಯನ್ನು ಕಟ್ಟೆಯ ಮೇಲಿಟ್ಟಳು.

"ನಿಜ ಹೇಳ್ಲಾ?" ಕಾಮಾಕ್ಷಮ್ಮ ಇನ್ನೂ ಹತ್ತಿರ ಬಂದರು. "ಈಗಿನ ಹುಡುಗೀರು ಅಂದ್ರೆ ನಂಗೆ ಹೆದರಿಕೆ. ಒಂದೇಟು ಬಿದ್ರೆ ಪೊಲೀಸ್ ಅಂತಾರೆ. ಮುಂಚೆ ಒಂದು ಕಡೆ ನಿಶ್ಚಯ ಆಗಿದ್ದು ಹಾಗೇ ಮುರೀತು. ನಿಮ್ಮ ಶರ್ವರಿ ಇದನ್ನೆಲ್ಲಾ ನೋಡಿ ಬೆಳೆದಿದಾಳೆ. ಸಹಿಸ್ಕೊಂಡು ಹೋಗೋದು ಗೊತ್ತು. ನನಗೆ ದೊಡ್ಡ ಸಮಾಧಾನ ಆಯ್ತು ಕಣ್ರೀ."

ಅವರು ಚಕ್ಕಲಿಯ ತಟ್ಟೆ ಹಿಡಿದು ಹೊರಗೆ ಹೋದರು. ಸುಲಭಾ ಗಂಡನನ್ನು ಒಳಗೆ ಕರೆದಳು. ಒಂದಕ್ಷರ ಬಿಡದೆ ಹೇಳಿದಳು. ಮೂವತ್ತನಾಲ್ಕು ವರ್ಷಗಳ ಸಂಸಾರದಲ್ಲಿ ಒಮ್ಮೆಯೂ ಕೈ ಎತ್ತದ ಆ ಮನುಷ್ಯ ಮೊದಲು ಕೆಂಪಾದರು. ಮರುಗಳಿಗೆಗೆ ಮುಖ ಇಳಿಯಿತು. ಏನೋ ಲೆಕ್ಕ ಹಾಕಿದಂತೆ ಗೋಡೆಯನ್ನು ನೋಡಿದರು.

"ಹಂಗಾರ… ರೋಗದ್ದು ಅಂತ ಗೊತ್ತಾಗಿಲ್ಲ?"

"ನೀವು ಹೊಡೀತೀರಿ ಅಂತ ತಿಳಕೊಂಡಾಳ್ರಿ ಆಕಿ!"

"ತಿಳಕೊಳ್ಳಲಿ ಬಿಡು. ನನ್ನ ಮೈಗೇನ ಅಂಟತದ?"

"ಆ ಹುಡುಗ ತಾಯಿ ಕೈ ಮುರದಾನ್ರಿ."

"ಮುರದಾನಂತ ಆಕಿ ಅಂದ್ಲೇನು? ತಿರುವ್ಯಾನ ಅಂದ್ಲು. ಇಲ್ಲದ್ದ ಹಚ್ಚಿ ಹೇಳಬ್ಯಾಡ. ಹೊರಗ ಬಾ, ಎಲಿ ಅಡಿಕಿ ತಟ್ಟಿ ತಗೊಂಡು."

ಸುಲಭಾ ಹೊರಗೆ ಬಂದಳು, ತಟ್ಟೆಯಿಲ್ಲದೆ. ಕುಪ್ಪಸದ ತೋಳನ್ನು ಮೊಳಕೈವರೆಗೆ ಮಡಚಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು.

"ಇದು ಇವರು ಹೊಡದಿದ್ದಲ್ರಿ. ಬಳಿ ಇಡಿಸಿಕೊಂಡಾಗ ಕಂದಿದ್ದು. ನನಗ ಕ್ಯಾನ್ಸರ್ ಅದ. ನಾಲ್ಕ ವರ್ಷದ ಹಿಂದ ಬಂದಿತ್ತು, ಈಗ ತಿರಗಿ ಬಂದದ. ಅದರ ಗುಳಿಗಿ ತಗೋತೀನಿ, ಅದಕ್ಕ ಹಿಂಗಾಗತದ. ನಮ್ಮ ಮನ್ಯಾಗ ಹೆಣ್ಣಮಕ್ಕಳನ್ನ ಯಾರೂ ಹೊಡಿಯೂದಿಲ್ಲ. ನನ್ನ ಮಗಳು ಅದನ್ನ ನೋಡಿ ಬೆಳದಿಲ್ಲ."

ಹರಿಶ್ಚಂದ್ರರು ಬಾಯಿಗೆ ಹಾಕಿಕೊಂಡ ಚಕ್ಕಲಿಯನ್ನು ಅಗಿಯದೆ ಕೂತರು. ಕಾಮಾಕ್ಷಮ್ಮ ಅಡಿಗೆಮನೆಯಲ್ಲಿ ಆಕೆಯ ಕೈ ಹಿಡಿದಿದ್ದ ತಮ್ಮ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು. ಐದು ನಿಮಿಷಗಳಲ್ಲಿ ಜಾತಕವನ್ನು ಇನ್ನೊಮ್ಮೆ ತೋರಿಸಬೇಕೆಂಬ ಮಾತು ಬಂತು. ಹತ್ತು ನಿಮಿಷಗಳಲ್ಲಿ ಅವರ ಕಾರು ಕೆಳಗೆ ಹೊರಟಿತು.

ಆಮೇಲಿನ ಜಗಳವನ್ನು ಕಟ್ಟಡದ ಹನ್ನೆರಡೂ ಮನೆಗಳು ಕೇಳಿದವು.

"ನನಗ ಹೇಳಬೇಕಿತ್ತು, ನನಗ!" ಶರ್ವರಿ ಕೂಗಿದಳು. "ಅವರ ಮುಂದ ಹೇಳಿ ಏನ ಗಳಿಸಿದಿ?"

"ಹೇಳಲಿಕ್ಕೆ ಹೊತ್ತ ಎಲ್ಲಿತ್ತು ಶರೂ? ಎಲಿ ಅಡಿಕಿ ಬದಲಾಗೂ ಹೊತ್ತು. ಅಂವ ತಾಯಿ ಕೈ ತಿರುವ್ಯಾನಂತ. ಆಕಿನs ಹೇಳಿದ್ಲು."

"ಎಂಟ ತಿಂಗಳಾತು ನಾ ಅವನ್ನ ನೋಡ್ಲಿಕತ್ತು. ಎಂದೂ ದನಿ ಎತ್ತಿಲ್ಲ. ನಿನಗ ಯಾರೂ ಉಪಚಾರ ಮಾಡ್ಲಿಲ್ಲಂತ ಸಿಟ್ಟು, ಅದನ್ನ ನನ್ನ ಮ್ಯಾಲ ತೀರಿಸಿದಿ."

ರಾಯರು, "ಇನ್ನ ಮಗಳನ್ನ ಮನ್ಯಾಗs ಇಟ್ಕೋ, ಬಳಿ ಇಡಿಸಿ ಕೂಡಸು," ಎಂದರು. ನೀಲಿಮಾ ಒಬ್ಬಳೇ ಅತ್ತೆಯ ಪಕ್ಕ ನಿಂತಳು. ರಾಜೀವ ಹೆಂಡತಿಯನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ.

ಹದಿನೈದು ದಿನ ಶರ್ವರಿ ತಾಯಿಯ ಕೈಯ ಡಬ್ಬಿ ಒಯ್ಯಲಿಲ್ಲ. ಪ್ರಣವನನ್ನು ಕೇಳಿದ್ದಳಂತೆ; ಅವನು, ನಮ್ಮಮ್ಮನಿಗೆ ಎಲ್ಲವನ್ನೂ ಹಿಗ್ಗಿಸಿ ಹೇಳುವ ಚಟ, ಮೆಟ್ಟಿಲ ಮೇಲೆ ಜಾರಿದವಳನ್ನು ಹಿಡಿಯಹೋಗಿ ಹಾಗಾಯಿತು ಎಂದನಂತೆ. ಸುಲಭಾ ಮಾತ್ರ ಒಳಗೊಳಗೇ ಹಗುರಾಗಿದ್ದಳು. ಮಗಳು ಅತ್ತರೆ ಅಳಲಿ, ಕೈಯೆರಡೂ ನೆಟ್ಟಗಿವೆಯಲ್ಲ.

ಮಾರ್ಚ್ ಮೂರನೆಯ ವಾರ ಶರ್ವರಿ ಕಚೇರಿಯಿಂದ ಓಡುತ್ತಲೇ ಬಂದಳು. ಕಣ್ಣು ತುಂಬಿದ್ದವು.

"ಅಪ್ಪಾ, ಪ್ರಣವ ಮನ್ಯಾಗ ಉಪವಾಸ ಕೂತು ಒಪ್ಪಿಸ್ಯಾನ! ಅವರವ್ವ ಕ್ಯಾನ್ಸರ್ ಮನೀ ಹುಡುಗಿ ಬ್ಯಾಡ ಅಂದ್ರಂತ. ಅಂವ ಹಟಾ ಬಿಡ್ಲಿಲ್ಲ. ಈ ರವಿವಾರ ಬರ್ತಾರ."

"ಬಂಗಾರದಂಥಾ ಹುಡುಗ," ಎಂದರು ರಾಯರು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ.

ಸುಲಭಾ ಅಂದು ರಾತ್ರಿ ಅನ್ನಕ್ಕೆ ನೀರು ಹೆಚ್ಚು ಹಾಕಿದಳು. ತಾನು ಸಂಬಂಧ ಮುರಿಯಲೆಂದು ಎಸೆದ ಸತ್ಯವನ್ನು ಆ ಹುಡುಗ ಎತ್ತಿಕೊಂಡು ಕಿರೀಟ ಮಾಡಿಕೊಂಡಿದ್ದ. ಬಡಿಸುವಾಗ ಮಗಳ ಬೆನ್ನು ಮುಟ್ಟಿ ಹೇಳಿದಳು: "ಶರೂ, ಉಪಕಾರ ಮಾಡಿ ಕೈ ಹಿಡದವಗ ಎದುರಾಡಲಿಕ್ಕೆ ಆಗೂದಿಲ್ಲ ನಿನಗ. ವಿಚಾರ ಮಾಡ."

"ಮಾಡೀನಿ," ಎಂದಳು ಶರ್ವರಿ. "ನೀ ಮುರಿದಿ, ಅಂವ ಕೂಡಿಸಿದ. ಇದರಾಗ ವಿಚಾರ ಏನದ?"

ರವಿವಾರ ಅವರು ಪೇಢೆ ತಂದರು. ಕಾಮಾಕ್ಷಮ್ಮ ಈ ಸಲ ಅಡಿಗೆಮನೆಗೆ ಬರಲಿಲ್ಲ. ಸೋಫಾದ ನಡುವೆ ಕೂತರು. "ನಮ್ಮೋನು ದೊಡ್ಡ ಮನಸ್ಸು ಮಾಡಿದಾನೆ. ಇಂಥ ಕಡೆಯಿಂದ ಯಾರು ಹೆಣ್ಣು ತರ್ತಾರೆ, ನೀವೇ ಹೇಳಿ. ಇನ್ಮೇಲೆ ನಿಮ್ಮ ಹುಡುಗಿ ಅದನ್ನ ಮರೀಬಾರದು, ಅಷ್ಟೆ."

"ಮರಿಯೂದಿಲ್ರಿ," ಎಂದಳು ಶರ್ವರಿ. ಅವಳ ಫೋನು ಸದ್ದು ಮಾಡಿತು. ಪ್ರಣವ ಅತ್ತ ತಿರುಗದೆ ಅಂಗೈ ಚಾಚಿದ. ಅವಳು ಫೋನನ್ನು ಅದರ ಮೇಲಿಟ್ಟಳು. ಅವನು ಅದನ್ನು ತನ್ನ ಜೇಬಿಗೆ ಹಾಕಿಕೊಂಡ. ಯಾರೂ ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿ ಮೆಚ್ಚಿದರು.

ಸುಲಭಾ ಬಾಗಿಲಲ್ಲಿ ನಿಂತಿದ್ದಳು. "ಪ್ರಣವ," ಎಂದಳು, ಗಟ್ಟಿಯಾಗಿ. "ನಿಮ್ಮ ತಾಯಿ ಕೈಗೆ ಪಟ್ಟಿ ಯಾಕ ಕಟ್ಟಿದ್ರು ಅಂತ ಎಲ್ಲಾರ ಮುಂದ ಒಮ್ಮೆ ಹೇಳಪಾ. ಮುರದ ನಿಶ್ಚಯದ ಮಾತೂ ಹೇಳು. ಹೇಳಿ ಆಮ್ಯಾಲ ಎಲಿ ಅಡಿಕಿ ಕೊಡು."

ಕಾಮಾಕ್ಷಮ್ಮ ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ, "ನಾನು ಹಾಗೇನೂ ಹೇಳೇ ಇಲ್ಲವಲ್ಲ," ಎಂದರು. ಪ್ರಣವ ನಗುತ್ತಲೇ ಇದ್ದ. ಅವನು ಶರ್ವರಿಯತ್ತ ನೋಡಿದ, ನೋಡಿದನಷ್ಟೆ.

ಶರ್ವರಿ ಧಡಕ್ಕನೆ ಎದ್ದಳು. "ಸಾರಿ, ಪ್ರಣವ. ಅಂಕಲ್, ಸಾರಿ ರೀ. ತಪ್ಪ ತಿಳಕೋಬ್ಯಾಡ್ರಿ. ಈ ಗುಳಿಗಿ ಶುರು ಆದಾಗಿಂದ ಅವ್ವ ಒಮ್ಮೊಮ್ಮೆ ಹಿಂಗs ಏನೇನೋ ಮಾತಾಡ್ತಾಳ."

"ಗುಳಿಗಿಗೂ ಮಾತಿಗೂ ಏನ ಸಂಬಂಧ?" ಎಂದು ನೀಲಿಮಾ ಬಾಯಿ ತೆರೆದಳು. ರಾಜೀವ ಅವಳ ಕಾಲು ತುಳಿದ.

"ಪಾಪ," ಎಂದರು ಕಾಮಾಕ್ಷಮ್ಮ. "ದೊಡ್ಡ ರೋಗ. ನಾವು ಅರ್ಥ ಮಾಡ್ಕೋಬೇಕು."

"ಆಂಟಿಗೆ ರೆಸ್ಟ್ ಬೇಕು," ಎಂದ ಪ್ರಣವ, ಮೃದುವಾಗಿ.

ದಿಗಂಬರರಾಯರು ಎದ್ದು ಬಂದರು. ನಾಲ್ಕು ವರ್ಷಗಳ ಹಿಂದಿನ ಅದೇ ಕಾಳಜಿಯಿಂದ ಹೆಂಡತಿಯ ತೋಳನ್ನು, ನೋವಾಗದಂತೆ ಮಣಿಕಟ್ಟಿನಿಂದ ಮೇಲೆ, ಹಿಡಿದರು. "ಬಾ, ಸುಲಭಾ. ಮಲಕೋ. ನಿನಗ ಆರಾಮಿಲ್ಲ," ಎಂದು ಕೋಣೆಗೆ ನಡೆಸಿಕೊಂಡು ಹೋದರು, ಹೊದಿಕೆ ಹೊದಿಸಿದರು, ಕುಡಿಯಲು ನೀರು ತಂದಿಟ್ಟರು. ಹೊರಗೆ ಹೋಗುವಾಗ ಬಾಗಿಲನ್ನು ಎಳೆದುಕೊಂಡರು.

ಬಾಗಿಲಾಚೆ ಎಲೆ ಅಡಿಕೆಯ ತಟ್ಟೆಗಳು ಬದಲಾದವು. ಮದುವೆಗೆ ಮೇ ತಿಂಗಳ ಹನ್ನೊಂದು ಎಲ್ಲರಿಗೂ ಅನುಕೂಲವಾಗಿತ್ತು.